1543ರ ಗ್ರಂಥಕ್ಕೆ 1616ರಲ್ಲಿ ತಡೆ ಬಂದದ್ದೇಕೆ?

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಖಗೋಳಜ್ಞ ಕೋಪರ್ನಿಕಸ್‌ನ ಗ್ರಂಥ 1543ರಲ್ಲೇ ಅಚ್ಚಾಗಿದ್ದರೂ ರೋಮಿನ ಚರ್ಚು ಅದನ್ನು ತಡೆಯಲು 1616ರವರೆಗೆ ಸುಮ್ಮನಿದ್ದದ್ದೇಕೆ ಎಂದು ಕೇಳಿದ್ದೀರಿ. ಮೊದಲಿಗೆ, ಆತ ಹೊರಗಿನವನಲ್ಲ. ಈಗ ಪೋಲೆಂಡಿನಲ್ಲಿರುವ ಫ್ರೊಂಬೊರ್ಕ್‌ನ ಕೆಥೆಡ್ರಲ್ (ಪ್ರಧಾನ ಚರ್ಚು) ಆಡಳಿತ ಮಂಡಳಿಯ ಸದಸ್ಯನಾಗಿದ್ದು, ಗ್ರಂಥವನ್ನು ಪೋಪ್ ಮೂರನೆಯ ಪೌಲನಿಗೇ ಅರ್ಪಿಸಿದ್ದ. ಅಲ್ಲದೆ ನ್ಯೂರೆಂಬರ್ಗ್‌ನಲ್ಲಿ ಅಚ್ಚಿನ ಉಸ್ತುವಾರಿ ನೋಡಿಕೊಂಡ ಓಸಿಯಾಂಡರ್, ಇದೆಲ್ಲ ಲೆಕ್ಕಾಚಾರದ ಅನುಕೂಲಕ್ಕೆ ಮಾಡಿಕೊಂಡ ಊಹೆ, ನಿಜವೇ ಆಗಿರಬೇಕೆಂದಿಲ್ಲ ಎಂಬರ್ಥದ ಮುನ್ನುಡಿಯೊಂದನ್ನು ತನ್ನ ಹೆಸರು ಹಾಕದೆ ಸೇರಿಸಿಬಿಟ್ಟ. ರೋಮಿನ ಚರ್ಚನ್ನೇ ವಿರೋಧಿಸಿದ ಲೂಥರನ ಅನುಯಾಯಿಯೊಬ್ಬ ಬರೆದ ಈ ಮಾತು ಗ್ರಂಥಕ್ಕೆ ಒಂದಿಷ್ಟು ರಕ್ಷಣೆ ಕೊಟ್ಟಿತೆಂಬುದು ತಮಾಷೆಯೇ ಸರಿ.

ಪರಿಸ್ಥಿತಿ ಬಿಗಡಾಯಿಸಿದ್ದು 1610ರ ನಂತರ. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಗುರುವಿನ ಉಪಗ್ರಹಗಳನ್ನೂ, ಶುಕ್ರ ಚಂದ್ರನಂತೆ ವೃದ್ಧಿ ಕ್ಷಯ ಹೊಂದುವುದನ್ನೂ ಕಂಡು ಭೂಮಿಯ ಚಲನೆ ವಾಸ್ತವವೆಂದು ವಾದಿಸಿದ್ದಲ್ಲದೆ, ಬೈಬಲ್ಲಿನ ವಚನಗಳನ್ನು ಹೇಗೆ ಅರ್ಥೈಸಬೇಕೆಂದೂ ಪತ್ರಗಳಲ್ಲಿ ಬರೆದ. ನನ್ನ ದೃಷ್ಟಿಯಲ್ಲಿ ಹೆಚ್ಚು ಕೆಣಕಿದ್ದು ಈ ಎರಡನೆಯದೇ, ಏಕೆಂದರೆ ಬೈಬಲ್ಲನ್ನು ಅರ್ಥೈಸುವ ಅಧಿಕಾರವನ್ನು ಕ್ಯಾಥೊಲಿಕ್ ಧರ್ಮಗುರುಗಳ ಮಹಾಸಭೆಯಾದ ಟ್ರೆಂಟ್ ಪರಿಷತ್ತು 1546ರಲ್ಲೇ ಚರ್ಚಿಗೆ ಮೀಸಲಿಟ್ಟಿತ್ತು.

ಆದರೂ 1616ರ ಆಜ್ಞೆ ಕೋಪರ್ನಿಕಸ್‌ನ ಗ್ರಂಥವನ್ನು ಪೂರ್ಣವಾಗಿ ನಿಷೇಧಿಸಲಿಲ್ಲ. ತಿದ್ದುವವರೆಗೆ ತಡೆಹಿಡಿಯಿತು ಅಷ್ಟೇ. 1620ರಲ್ಲಿ ಹೊರಬಂದ ತಿದ್ದುಪಡಿಗಳು ಬಹಳ ಕಡಿಮೆ: ಉದಾಹರಣೆಗೆ, ಭೂಮಿಯ ಮೂರು ಚಲನೆಗಳನ್ನು ನಿರೂಪಿಸುವ ಅಧ್ಯಾಯದ ಶೀರ್ಷಿಕೆ, ಆ ಚಲನೆಗಳ ಊಹೆಯನ್ನು ಕುರಿತದ್ದೆಂದು ಬದಲಾಯಿತು. ಇಟಲಿಯ ಅನೇಕ ಓದುಗರು ತಮ್ಮ ಪ್ರತಿಗಳಲ್ಲಿ ಇವನ್ನು ಶಾಯಿಯಿಂದಲೇ ತಿದ್ದಿಕೊಂಡರು. ಬೇರೆಡೆ ಹೆಚ್ಚಿನವರು ಗಮನಿಸಲೇ ಇಲ್ಲ. ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಈ ಹೆಸರು ಬಿಟ್ಟುಹೋದದ್ದು 1835ರ ಆವೃತ್ತಿಯಲ್ಲಿ.