ಗೋಣಿತಟ್ಟಿನ ಮೇಲೆ ಕೂತ ಹುಡುಗ

ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಒಬ್ಬರ ಕಾಗದ ಎರಡು ದಿನದಿಂದ ನನ್ನ ನಿದ್ದೆ ಕೆಡಿಸಿದೆ. ಒಂಬತ್ತನೇ ತರಗತಿಗೆ ಅಂಬೇಡ್ಕರರು ತಾವು ಅನುಭವಿಸಿದ ಅಸ್ಪೃಶ್ಯತೆಯ ಬಗ್ಗೆ ಬರೆದ ‘ವೇಟಿಂಗ್ ಫಾರ್ ಎ ವೀಸಾ’ದ ಒಂದು ಭಾಗ ಓದಿಸಿ, ನಾಟಕ ಮಾಡಿಸಿದರು. ಊರಿನ ಕೆಲವರು ಬಂದು ಗಲಾಟೆ ಮಾಡಿದರು. ‘ಪೋರ್ಷನ್ ಮುಗಿಸಿ ಮೇಡಂ, ಇವೆಲ್ಲ ಯಾಕೆ’ ಎಂದರು ಹೆಡ್‌ಮಾಸ್ಟರು. ಇಂಥ ಪಾಠ ಮುಂದುವರಿಸಲೋ, ಬಿಡಲೋ ಎಂಬುದು ಇವರ ಪ್ರಶ್ನೆ.

ಮೇಡಂ, ನಾಲ್ಕು ಪುಟದಲ್ಲಿ ಮೂರನ್ನು ನೀವು ಹೆಡ್‌ಮಾಸ್ಟರಿಗೇ ಕೊಟ್ಟಿದ್ದೀರಿ. ಅವರನ್ನು ಬಿಡಿ, ರಿಸಲ್ಟ್ ಇಳಿದರೆ ನೋಟಿಸ್ ಬರುವುದು ಅವರಿಗೆ. ನಾನು ನಿಂತದ್ದು ಈ ಸಾಲಿನ ಹತ್ತಿರ: ‘ಸಹಜವಾಗಿರಲಿ ಅಂತ ಕೇರಿಯ ಹುಡುಗನನ್ನೇ ಗೋಣಿತಟ್ಟಿನ ಮೇಲೆ ಕೂರಿಸಿದೆ. ಚೆನ್ನಾಗಿ ಮಾಡಿದ. ಆಮೇಲೆ ಎರಡು ದಿನ ಬರಲಿಲ್ಲ, ಜ್ವರವಂತೆ.’

ಅದು ಜ್ವರವಲ್ಲ ಮೇಡಂ.

ಸತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ತಿರುಗಿಸಿದರಷ್ಟೇ ನೀರು. ತರಗತಿಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂತು, ಸಂಜೆ ಅದನ್ನು ಮನೆಗೊಯ್ದು, ಮಾರನೇ ದಿನ ಮತ್ತೆ ತರಬೇಕಿತ್ತು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ನಿಮ್ಮ ಹುಡುಗನೂ ಅದನ್ನು ಮನೆಗೆ ಹೊತ್ತುಕೊಂಡು ಹೋಗಿದ್ದಾನೆ.

ಆ ತರಗತಿಯಲ್ಲಿ ಅವನನ್ನು ಬೇರೆಯಾಗಿ ನಿಲ್ಲಿಸಿದವರಲ್ಲಿ ನೀವೇ ಮೊದಲಿಗರಲ್ಲ. ಸ್ಕಾಲರ್‌ಶಿಪ್ ಫಾರಂ ಬಂದಾಗ ನಿಮ್ಮ ಸಹೋದ್ಯೋಗಿ ‘ಎಸ್ಸಿ, ಎಸ್ಟಿ ಮಕ್ಕಳೆಲ್ಲ ಎದ್ದು ನಿಲ್ಲಿ’ ಎನ್ನುತ್ತಾರೆಂದು ನೀವೇ ಬರೆದಿದ್ದೀರಿ. ಗಲಾಟೆಯವರಿಗಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಈ ಮೇಷ್ಟರ ಮೇಲೆ. ಹೆಸರುಗಳು ರಿಜಿಸ್ಟರಿನಲ್ಲಿವೆ. ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಲು ಹತ್ತು ನಿಮಿಷ ಹೆಚ್ಚು ಹಿಡಿದೀತು, ಅಷ್ಟೇ.

ಪಾಠ ಬಿಡಬೇಡಿ. ಆದರೆ ನಾನು ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ನೋವುಂಡವರ ಕೈಲಿ ಆ ನೋವನ್ನು ಆಡಿಸಿ ತೋರಿಸಬಾರದು. ಕೇಳಬೇಕಾದ್ದು ನೀರು ಯಾರ ಕೈಯಲ್ಲಿತ್ತೋ ಅವರನ್ನು. ನಿಮ್ಮದು ಇಂಗ್ಲಿಷ್ ಕ್ಲಾಸು, ವ್ಯಾಕರಣವೇ ದಾರಿ ತೋರಿಸುತ್ತದೆ. ‘ಹಿ ವಾಸ್ ನಾಟ್ ಅಲೌಡ್ ಟು ಟಚ್ ದ ಟ್ಯಾಪ್’ ಎಂದು ಬೋರ್ಡಿನ ಮೇಲೆ ಬರೆಯಿರಿ. ಇದನ್ನು ಆ್ಯಕ್ಟಿವ್ ವಾಯ್ಸಿಗೆ ತನ್ನಿ ಅನ್ನಿ. ಆಗ ಮಕ್ಕಳು ಕರ್ತೃವನ್ನು ಹುಡುಕಲೇಬೇಕಾಗುತ್ತದೆ. ಬಿಡದವರು ಯಾರು? ಮೇಷ್ಟರೇ? ನಲ್ಲಿ ತಿರುಗಿಸುವ ಜವಾನನೇ? ನೋಡುತ್ತ ಕೂತ ಸಹಪಾಠಿಗಳೇ? ಇಡೀ ಪೀರಿಯಡ್ ಇದಕ್ಕೇ ಹೋದರೂ ಹೋಗಲಿ. ಗೋಣಿತಟ್ಟಿನಲ್ಲೇ ಪಾಠ ನಿಲ್ಲಿಸಲೂಬೇಡಿ. ಆ ಹುಡುಗನೇ ಬಾಬಾಸಾಹೇಬರಾಗಿ 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ, ಅಸ್ಪೃಶ್ಯರಿಗೆ ನೀರು ಮುಟ್ಟಗೊಡದಿದ್ದ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದು ನೀರು ಕುಡಿದರು. ಅದನ್ನೂ ಹೇಳಿ.

ಇದೆಲ್ಲ ಆಮೇಲೆ. ನಾಳೆ ಮಾಡಬೇಕಾದ್ದು ಒಂದೇ ಕೆಲಸ. ಆ ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸದೆ, ಅವನು ಒಬ್ಬನೇ ಇದ್ದಾಗ ನೀವೇ ಅವನ ಹತ್ತಿರ ಹೋಗಿ. ‘ನಿನ್ನನ್ನು ಅಲ್ಲಿ ಕೂರಿಸಿದ್ದು ನನ್ನ ತಪ್ಪು ಕಣೋ’ ಅನ್ನಿ. ‘ಪರವಾಗಿಲ್ಲ ಮಿಸ್’ ಅಂತಾನೆ. ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಬರಬೇಡಿ. ಇನ್ನೂ ಸ್ವಲ್ಪ ಹೊತ್ತು ಅವನ ಜೊತೆ ನಿಲ್ಲಿ.