ಬೆಟ್ಟ ಹತ್ತಿದರೆ ಹೆಂಗಸರ ಮನಸ್ಸಿಗೆ ನಿಜವಾಗಿ ಬಲ ಬರುತ್ತಾ?

ಬರುತ್ತೆ. ಆದರೆ ಬರೀ ತಂಪು ಗಾಳಿಯಿಂದ ಅಲ್ಲ. "ಇದು ನಿನ್ನ ಕೆಲಸ ಅಲ್ಲ" ಅನ್ನಿಸಿಕೊಂಡ ಜಾಗಕ್ಕೆ ತಾವೇ ನಡೆದುಕೊಂಡು ಹೋದಾಗ ಬರುವ ಬಲ ಬೇರೆಯೇ.

ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿರುವ ಐಮಾರಾ ಅನ್ನುವ ಮೂಲನಿವಾಸಿ ಸಮುದಾಯದ ಹೆಂಗಸರನ್ನೇ ನೋಡಿ. ಲಾ ಪಾಜ್ ನಗರದ ಹತ್ತಿರದ ವಾಯ್ನಾ ಪೊತೊಸಿ ಪರ್ವತದಲ್ಲಿ ಇವರಲ್ಲಿ ಹಲವರು ಪ್ರವಾಸಿಗರಿಗೆ ಅಡುಗೆ ಮಾಡುತ್ತಾ, ಸಾಮಾನು ಹೊರುತ್ತಾ ವರ್ಷಗಟ್ಟಲೆ ದುಡಿದವರು; ಗಂಡಂದಿರು ಗೈಡ್‌ಗಳಾಗಿ ತುದಿಗೆ ಹೋಗಿ ಬರುತ್ತಿದ್ದರೆ ಇವರು ಮೇಲೆ ಹೇಗಿರುತ್ತೆ ಅಂತ ಕೇಳಿ ತಿಳ್ಕೋಬೇಕಿತ್ತು. 2015ರಲ್ಲಿ ತಾವೇ ಹೊರಟರು. 6,088 ಮೀಟರ್ ಎತ್ತರ, ಹಿಮ ಬೇರೆ. ಬೂಟಿಗೆ ಕಬ್ಬಿಣದ ಮುಳ್ಳು, ತಲೆಗೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಅದರ ಜೊತೆಗೆ ಇವರ ಸಮುದಾಯದ ಹೆಂಗಸರು ಉಡುವ, ಪೊಯೆರಾ ಅನ್ನುವ ನೆರಿಗೆ ನೆರಿಗೆಯ ಬಣ್ಣದ ಲಂಗ!

ನನಗೆ ಜಾಸ್ತಿ ಮುಖ್ಯ ಅನ್ನಿಸೋದು ಆ ಲಂಗವೇ. ಒಂದು ಕಾಲದಲ್ಲಿ ಅದನ್ನು ಉಟ್ಟವರನ್ನು ಊರಿನ ಎಷ್ಟೋ ಹೋಟೆಲ್‌ಗಳ ಒಳಗೇ ಬಿಡುತ್ತಿರಲಿಲ್ಲ. ಅದೇ ಉಡುಪಿನಲ್ಲಿ 2019ರ ಜನವರಿಯಲ್ಲಿ ಇವರ ತಂಡ ಅರ್ಜೆಂಟೀನಾದ ಅಕಾಂಕಾಗುವಾಕ್ಕೆ ಹೋಯಿತು. ಏಷ್ಯಾದ ಹೊರಗೆ ಅದಕ್ಕಿಂತ ಎತ್ತರದ ಪರ್ವತ ಇಲ್ಲ, 6,961 ಮೀಟರ್. ಎಲ್ಲರಿಗೂ ತುದಿ ಸಿಗಲಿಲ್ಲ, ಅನಾ ಲಿಯಾ ಗೊನ್ಸಾಲೆಸ್ ಮತ್ತು ಎಲೆನಾ ಕಿಸ್ಪೆ ಮುಟ್ಟಿದರು.

ಇನ್ನೊಂದು ಮಾತು. ಒಬ್ಬೊಬ್ಬರೇ ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲ ಅನ್ನಿಸುತ್ತೆ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತುವಾಗ ಒಬ್ಬಳು ಜಾರಿದರೆ ಹಿಡಿಯುವವಳು ಮತ್ತೊಬ್ಬಳು, ಅಲ್ವಾ? ಈಗ ಇವರಲ್ಲಿ ಕೆಲವರು ತಾವೇ ಗೈಡ್‌ಗಳಾಗಿ ದುಡಿಯುತ್ತಿದ್ದಾರೆ.