ಸೈಡ್ ಔಟ್ (1990) ಸಿನಿಮಾಗೆ ಯಾಕಿಷ್ಟು ಕೆಟ್ಟ ರಿವ್ಯೂ? ವಾಲಿಬಾಲ್ ಆಡೋ ಗೆಳೆಯರ ಜೊತೆ ನೋಡ್ಬೋದಾ?

ರಿವ್ಯೂ ಓದ್ಕೊಂಡು ನೋಡೋಣ್ವಾ ಬೇಡ್ವಾ ಅಂತಿದೀರಲ್ಲ, ನಾನೂ ಹಾಗೇ ಎಲ್ಲ ಓದ್ಕೊಂಡೇ ಆ ಸಿನಿಮಾ ನೋಡೋಕೆ ಕೂತಿದ್ದೆ, ಅದರಿಂದ ಬೀಚ್ ವಾಲಿಬಾಲ್ ಆಟದ ಒಬ್ಬ ಒಳ್ಳೆ ಪಾರ್ಟ್ನರ್ನ ಕಳ್ಕೊಂಡೆ.

ನಾನು ಮಲೆನಾಡಿನವನು. ಹೊನಲು ಬೆಳಕಿನ ಟೂರ್ನಮೆಂಟಲ್ಲಿ ಆರು ಜನರ ಟೀಮಲ್ಲಿ ಆಡಿ ಬೆಳೆದಿದ್ದು, ಆಮೇಲೆ ಕೆಲ್ಸಕ್ಕೆ ಅಂತ ಲಾಸ್ ಏಂಜಲೀಸ್‌ಗೆ ಬಂದು ಮ್ಯಾನ್‌ಹ್ಯಾಟನ್ ಬೀಚ್ ಪಕ್ಕದಲ್ಲೇ ಇದ್ದೆ. ಅಲ್ಲಿ 1960ರಿಂದ ಬೀಚ್ ವಾಲಿಬಾಲ್ ಟೂರ್ನಮೆಂಟ್ ನಡೀತಿದೆ, ಗೆದ್ದೋರ ಹೆಸ್ರನ್ನ ಪಿಯರ್ (ಸಮುದ್ರದೊಳಕ್ಕೆ ಚಾಚಿರೋ ಕಟ್ಟೆ) ಮೇಲೆ ಕಂಚಿನ ಫಲಕದಲ್ಲಿ ಹಾಕ್ತಾರೆ. ಊರಲ್ಲಿ ಆಡಿದೀನಿ ಅನ್ನೋ ಧೈರ್ಯದಲ್ಲಿ ಇಳಿದ್ರೆ ಎಲ್ಲಾ ಬೇರೆ. ಒಂದು ಕಡೆ ಇಬ್ರೇ ಆಡೋದು. ಬೆರಳ ತುದೀಲಿ ಬಾಲನ್ನ ಮೆತ್ತಗೆ ನೆಟ್ ದಾಟ್ಸಿ ಪ್ಲೇಸ್ ಹಾಕಿದ್ರೆ ಫೌಲ್, ಬ್ಲಾಕಲ್ಲಿ ಬಾಲ್ ಕೈಗೆ ತಾಗಿದ್ರೆ ಅದೂ ಒಂದು ಟಚ್, ಸಬ್‌ಸ್ಟಿಟ್ಯೂಟ್ ಇಲ್ವೇ ಇಲ್ಲ. ಇದನ್ನೆಲ್ಲ ತಾಳ್ಮೆಯಿಂದ ಹೇಳ್ಕೊಟ್ಟಿದ್ದು ಅರವತ್ತು ದಾಟಿದ್ದ ಒಬ್ರು ಹಿರಿಯರು, ಎಂಬತ್ತರ ದಶಕದಲ್ಲಿ ಅದೇ ಮರಳಲ್ಲಿ ಆಡಿದೋರು. ಶನಿವಾರ ಬಂತು ಅಂದ್ರೆ ನಾನೂ ಅವ್ರೂ ಜೋಡಿ.

ಒಂದಿನ ಗುಂಪಿನೋರನ್ನೆಲ್ಲ ಮನೆಗೆ ಕರೆದು ಈ ಸಿನಿಮಾ ಹಾಕಿದ್ರು. ಕತೆ ಗೊತ್ತಿಲ್ದೆ ಇದ್ರೆ: ಲಾ ಓದ್ತಿರೋ ಹುಡುಗ (ಸಿ. ಥಾಮಸ್ ಹೋವೆಲ್) ಅಂಕಲ್ ಹತ್ರ ಕೆಲ್ಸಕ್ಕೆ ಕ್ಯಾಲಿಫೋರ್ನಿಯಾಗೆ ಬರ್ತಾನೆ, ಆ ಅಂಕಲ್ ಬಾಡಿಗೆದಾರರನ್ನ ಮನೆ ಖಾಲಿ ಮಾಡ್ಸೋ ಪೈಕಿ, ನೋಟಿಸ್ ಕೊಡೋಕೆ ಹೋದ ಕಡೆ ಬೀಚ್ ವಾಲಿಬಾಲಿನ ಹಳೇ ಚಾಂಪಿಯನ್ ಒಬ್ಬ (ಪೀಟರ್ ಹಾರ್ಟನ್) ಸಿಗ್ತಾನೆ, ಅವನೇ ಕೋಚ್ ಆಗ್ತಾನೆ, ಮುಂದಿನದು ನೀವೇ ಊಹಿಸ್ಬಹುದು.

ಇಲ್ಲೇ ನಾನು ಮಾಡಿದ ತಪ್ಪು. ಹೋಗೋ ಮುಂಚೆ ನೋಡಿದೋರ ಅಭಿಪ್ರಾಯ ಎಲ್ಲ ಓದಿದ್ದೆ, ಓವರ್ ಫಿಲ್ಮಿ, ಡೈಲಾಗ್ ಸಪ್ಪೆ, ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾಗುತ್ತೆ ಅಂತ, ಅದೇ ತಲೇಲಿ ಕೂತಿತ್ತು. ಹಾಗಾಗಿ ಸಿನಿಮಾ ನೋಡ್ಲೇ ಇಲ್ಲ, ಅದರಲ್ಲಿ ತಪ್ಪು ಹುಡುಕ್ತಾ ಕೂತೆ. ಮೊಬೈಲ್ ತೆಗೆದು ಒಂದೊಂದೇ ಕಾಮೆಂಟ್ ಜೋರಾಗಿ ಓದ್ದೆ, ಒಂದಿಬ್ರು ನಕ್ಕರು, ನಂಗೆ ಇನ್ನೂ ಹುರುಪು ಬಂತು. ಮ್ಯಾಚ್ ಸೀನಲ್ಲಿ ಒಂದು ರ‍್ಯಾಲಿ (ಸರ್ವಿಸಿಂದ ಬಾಲ್ ಬೀಳೋ ತನಕದ ಆಟ) ಮುಗೀತು, ಪಾಯಿಂಟ್ ಏರ್ಲಿಲ್ಲ, ಇನ್ನೊಂದು ಮುಗೀತು, ಆಗ್ಲೂ ಇಲ್ಲ. "ನೋಡಿ, ಸ್ಕೋರ್ ಕೂಡ ಸರಿಯಾಗಿ ತೋರ್ಸೋಕೆ ಬಂದಿಲ್ಲ ಇವ್ರಿಗೆ" ಅಂದ್ಬಿಟ್ಟೆ. ತಪ್ಪು ಸಿನಿಮಾದ್ದಲ್ಲ. ಆಗ ಸರ್ವಿಸ್ ಮಾಡೋ ಕಡೆಯವರಿಗೆ ಮಾತ್ರ ಪಾಯಿಂಟ್, ಎದುರಿನೋರು ರ‍್ಯಾಲಿ ಗೆದ್ರೆ ಸರ್ವಿಸ್ ಅವರಿಗೆ ಹೋಗುತ್ತೆ ಅಷ್ಟೇ, ಅದೇ ಸೈಡ್ ಔಟ್. ಗಂಟೆಗಟ್ಲೆ ಆಡಿದ್ರೂ ಸ್ಕೋರ್ ಅಲ್ಲೇ ನಿಂತಿರ್ತಿತ್ತು. ಈಗಿನ ಹಾಗೆ ಪ್ರತಿ ರ‍್ಯಾಲಿಗೂ ಪಾಯಿಂಟ್, 21ಕ್ಕೆ ಸೆಟ್, ಚಿಕ್ಕ ಕೋರ್ಟ್, ಇದೆಲ್ಲ ಬಂದಿದ್ದು 2001ರ ಸುಮಾರಿಗೆ. ಆ ಹಿರಿಯರ ಯೌವನ ಇಡೀ ಆ ಹಳೇ ರೂಲಲ್ಲಿ, ಆ ದೊಡ್ಡ ಕೋರ್ಟಲ್ಲಿ ಕಳೆದಿತ್ತು, ನಾನು ಅವ್ರ ಮನೇಲೇ ಕೂತು ಅದನ್ನ ತಪ್ಪು ಅಂದೆ. ಅವ್ರು ಏನೂ ಅನ್ಲಿಲ್ಲ. ಮುಂದಿನ ಶನಿವಾರ ಬೇರೆಯವ್ರ ಜೊತೆ ಆಡಿದ್ರು, ಅದರ ಮುಂದಿನ ವಾರಾನೂ. ಕ್ಷಮೆ ಕೇಳ್ದೆ, ಪರ್ವಾಗಿಲ್ಲ ಅಂದ್ರು, ಆದ್ರೆ ಜೋಡಿ ಮತ್ತೆ ಕೂಡ್ಲಿಲ್ಲ. ಆರು ಜನರ ಆಟದಲ್ಲಿ ಒಬ್ಬನ ಜೊತೆ ಸರಿ ಇಲ್ದಿದ್ರೆ ಉಳಿದೋರು ಸಂಭಾಳಿಸ್ತಾರೆ. ಇಬ್ಬರ ಆಟದಲ್ಲಿ ಆ ಒಬ್ರೇ ಎಲ್ಲ, ಆ ನಷ್ಟ ನಂಗೆ ಈಗ್ಲೂ ಇದೆ.

ಆಮೇಲೆ ಒಬ್ನೇ ಕೂತು ಪೂರ್ತಿ ನೋಡ್ದೆ. ರಿವ್ಯೂದವ್ರು ಹೇಳೋದು ಸುಳ್ಳೇನಲ್ಲ. ಅಂಕಲ್ ಪಾತ್ರ ಕಾರ್ಟೂನ್ ವಿಲನ್ ಥರ, ಹುಡುಗೀರ ಪಾತ್ರಗಳಿಗೆ ಬರವಣಿಗೇನೇ ಇಲ್ಲ, ಟ್ರೇನಿಂಗ್ ತೋರ್ಸೋ ಹಾಡುಗಳು ಜಾಸ್ತಿ ಆಯ್ತು. ಆದ್ರೆ ಎದುರಾಳಿಗಳಾಗಿ ಬರೋರು ಸಿಂಜಿನ್ ಸ್ಮಿತ್ ಮತ್ತು ರ‍್ಯಾಂಡಿ ಸ್ಟೋಕ್ಲಸ್ ಕಣ್ರೀ! ಆ ಕಾಲದ ನಿಜವಾದ ಚಾಂಪಿಯನ್ ಜೋಡಿ, ಜೊತೆಯಾಗಿ ನೂರಕ್ಕೂ ಹೆಚ್ಚು ಟೂರ್ನಮೆಂಟ್ ಗೆದ್ದೋರು. ಸ್ಟೋಕ್ಲಸ್ ಒಂದೇ ಕೈಯೆತ್ತಿ ಬ್ಲಾಕ್ ಮಾಡೋದಕ್ಕೆ ಕಾಂಗ್ ಬ್ಲಾಕ್ ಅಂತಾನೇ ಹೆಸ್ರು. ಇದು ಗೊತ್ತಿಲ್ದೆ ನೋಡಿದೋನಿಗೆ ಅವ್ರು ಯಾರೋ ಸೈಡ್ ಆಕ್ಟರ್ಸ್ ಅನ್ಸುತ್ತೆ, ಕಡಿಮೆ ಸ್ಟಾರ್ ಕೊಟ್ಟು ಹೋಗ್ತಾನೆ. ಆಡೋರು ಈ ಸಿನಿಮಾನ ಯಾಕಷ್ಟು ಹಚ್ಕೊಂಡಿದಾರೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಅವ್ರ ಆಟವೇ ಇಡೀ ಕತೆ ಆಗಿರೋ ಹಾಲಿವುಡ್ ಸಿನಿಮಾ ಅವ್ರಿಗೆ ಎಷ್ಟಿದೆ ಹೇಳಿ?

ಹಾಗಾಗಿ ರಿವ್ಯೂ ಯಾಕೆ ಕೆಟ್ಟದಾಗಿದೆ ಅನ್ನೋ ಪ್ರಶ್ನೇನೇ ನಂಗೆ ಒಪ್ಪಿಗೆ ಇಲ್ಲ. ಬರೆದೋನು ಮರಳಲ್ಲಿ ಆಡಿದಾನಾ ಇಲ್ವಾ ಅದನ್ನ ಕೇಳಿ. ನಿಮ್ಮ ಗೆಳೆಯರು ಆಡೋರು ಅಂತೀರಲ್ಲ, ಮತ್ತೆ ಯೋಚ್ನೆ ಏನಕ್ಕೆ, ನೋಡಿ. ಕೊನೇ ಮ್ಯಾಚಿನ ಕ್ಲಿಪ್ ಅಷ್ಟೇ ನೋಡಿ ಮುಗ್ಸೋಣ ಅನ್ಬೇಡಿ, ಮೊಬೈಲ್ ಪಕ್ಕಕ್ಕಿಡಿ. ಹಳೇ ಸ್ಕೋರಿಂಗ್ ಹೇಗೆ ಅಂತ ಶುರುವಲ್ಲೇ ಎಲ್ರಿಗೂ ಹೇಳ್ಬಿಡಿ, ಆಗ ಪಾಯಿಂಟ್ ಏರ್ದೆ ಇರೋ ರ‍್ಯಾಲಿಗಳೂ ಬಿಗಿಯಾಗಿ ಕಾಣುತ್ತೆ.

ಸಿನಿಮಾ ಹಿಡಿಸಿದ್ರೆ 1996ರ ಅಟ್ಲಾಂಟಾ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲ್ ಹುಡುಕಿ ನೋಡಿ. ಬೀಚ್ ವಾಲಿಬಾಲ್‌ಗೆ ಮೆಡಲ್ ಕೊಟ್ಟ ಮೊದಲ ಒಲಿಂಪಿಕ್ಸ್ ಅದು. ಇದೇ ಸಿಂಜಿನ್ ಸ್ಮಿತ್, ಆಗ 39 ವಯಸ್ಸು, ಕಾರ್ಲ್ ಹೆಂಕೆಲ್ ಜೊತೆ ಸೇರ್ಕೊಂಡು ಕಾರ್ಚ್ ಕಿರಾಯ್, ಕೆಂಟ್ ಸ್ಟೆಫೆಸ್ ಎದುರು 17-15ರಲ್ಲಿ ಸೋತರು. ಕಿರಾಯ್ ಜೋಡಿ ಮುಂದೆ ಚಿನ್ನಾನೇ ಗೆದ್ದಿದ್ದು, ಆದ್ರೆ ಆ ಮ್ಯಾಚಲ್ಲಿ ನಾನು ಪೂರ್ತಿ ಸ್ಮಿತ್ ಕಡೆ.